‘ರಕ್ತರಹಿತ ಶಸ್ತ್ರಚಿಕಿತ್ಸೆ’ ಎಂಬ ಮಾತಿನ ವಿಮರ್ಶೆ

೧

ಶಾಸ್ತ್ರದ ಪರಿಭಾಷೆಯನ್ನು ಕನ್ನಡದಲ್ಲಿ ಕಟ್ಟುವವರಿಗೆ ಎರಡು ಹೊಣೆಗಳುಂಟು. ಮೂಲದ ಅರ್ಥವು ಕೆಡದಂತೆ ನೋಡಿಕೊಳ್ಳುವುದು ಒಂದು. ಮೂಲದಲ್ಲಿಲ್ಲದ ಅರ್ಥವು ಕೇಳಿದವರ ಮನಸ್ಸಿನಲ್ಲಿ ಹುಟ್ಟದಂತೆ ನೋಡಿಕೊಳ್ಳುವುದು ಇನ್ನೊಂದು. ಖಗೋಳ, ರಸಾಯನ ಮೊದಲಾದ ಶಾಸ್ತ್ರಗಳಲ್ಲಿ ಎರಡನೆಯದಕ್ಕೆ ಚ್ಯುತಿಯುಂಟಾದರೆ ವಿದ್ಯಾರ್ಥಿಗೆ ತೊಡಕಾದೀತು, ಅಷ್ಟೆ. ವೈದ್ಯಶಾಸ್ತ್ರದಲ್ಲಾದರೋ ಮಾತನ್ನು ಕೇಳುವವನು ರೋಗಿ. ಅವನು ಅದನ್ನು ನಂಬಿ ಕಾಗದಕ್ಕೆ ರುಜು ಹಾಕುತ್ತಾನೆ. ಈ ದೃಷ್ಟಿಯಿಂದ ಪರೀಕ್ಷಿಸತಕ್ಕ ಪದಗಳಲ್ಲಿ ‘ರಕ್ತರಹಿತ ಶಸ್ತ್ರಚಿಕಿತ್ಸೆ’ ಎಂಬುದು ಮುಖ್ಯವಾದುದು.

ಇಂಗ್ಲಿಷಿನ ‘ಬ್ಲಡ್‌ಲೆಸ್ ಸರ್ಜರಿ’ ಎಂಬುದಕ್ಕೆ ಪದಕ್ಕೆ ಪದವನ್ನಿಟ್ಟು ಮಾಡಿದ ಸಮಾಸವಿದು. ಮೂಲದಲ್ಲಿಯೇ ಇರುವ ದೋಷವು ಕನ್ನಡದಲ್ಲಿ ಇಮ್ಮಡಿಯಾಗಿದೆ. ಕುಣಿಗಲ್ಲಿನ ಅಥವಾ ಗುಬ್ಬಿಯ ಒಬ್ಬ ಗೃಹಸ್ಥನಿಗೆ ಈ ಮಾತನ್ನು ಹೇಳಿದರೆ, ಕತ್ತಿ ತಗಲಿದರೂ ನೆತ್ತರು ಸುರಿಯದ ಒಂದು ಚಿಕಿತ್ಸೆಯೆಂದು ಅವನು ತಿಳಿಯುವುದು ಸಹಜ. ಅಂಥ ಚಿಕಿತ್ಸೆ ಲೋಕದಲ್ಲಿಲ್ಲ. ಮತಶ್ರದ್ಧೆಯ ಕಾರಣದಿಂದ ಪರರ ರಕ್ತವನ್ನು ತನ್ನ ಮೈಗೆ ಏರಿಸಿಕೊಳ್ಳಲೊಲ್ಲದ ರೋಗಿಗೆ, ಅವನ ಮೈಯಲ್ಲಿರುವ ರಕ್ತವನ್ನೇ ಮೊದಲು ವೃದ್ಧಿಪಡಿಸಿ, ಶಸ್ತ್ರಕ್ರಿಯೆಯ ಕಾಲದಲ್ಲಿ ಮಿತವಾಗಿ ವ್ಯಯಮಾಡಿ, ಅನಂತರ ನಷ್ಟವನ್ನು ಬೇಗ ತುಂಬಿಸುವ ಕ್ರಮವೇ ಈ ಹೆಸರಿನಲ್ಲಿ ಅಡಗಿರುವ ವಸ್ತು. ಹೆಸರು ಶಸ್ತ್ರಕ್ರಿಯೆಯ ಒಂದೆರಡು ಗಂಟೆಗಳನ್ನು ಮಾತ್ರ ಸೂಚಿಸುತ್ತದೆ. ವಸ್ತುವು ಅದಕ್ಕೆ ಎರಡು ತಿಂಗಳು ಮುಂಚೆಯೇ ಆರಂಭವಾಗತಕ್ಕದ್ದು. ಈ ಅಂತರದಲ್ಲಿಯೇ ರೋಗಿಯ ಪ್ರಾಣವಿರುವುದರಿಂದ ವಿಚಾರವು ಕೇವಲ ಶಬ್ದಚರ್ಚೆಯೆನಿಸಲಾರದು.

೨

ಈ ಚಿಕಿತ್ಸಾಕ್ರಮವನ್ನು ಪಟ್ಟುಹಿಡಿದು ಕೇಳಿ ಬೆಳೆಯಿಸಿದವರು ‘ಯೆಹೋವನ ಸಾಕ್ಷಿಗಳು’ ಎಂಬ ಕ್ರೈಸ್ತ ಪಂಥದವರು. ಅಮೆರಿಕದಲ್ಲಿ ಹುಟ್ಟಿದ ಈ ಪಂಥಕ್ಕೆ ಈಗಿನ ಹೆಸರು ೧೯೩೧ರಲ್ಲಿ ಬಂದಿತು. ೧೯೪೫ರಲ್ಲಿ ಇವರ ‘ವಾಚ್‌ಟವರ್’ ಪತ್ರಿಕೆಯು ರಕ್ತವನ್ನು ಏರಿಸಿಕೊಳ್ಳುವುದು ನಿಷಿದ್ಧವೆಂದು ಸಾರಿತು. ೧೯೬೧ರಿಂದ ಅದನ್ನು ಮೀರಿದವರಿಗೆ ಪಂಥದಿಂದ ಬಹಿಷ್ಕಾರವೂ ವಿಧಿಸಲ್ಪಟ್ಟಿತು. ಭಾರತದಲ್ಲಿ ಇವರ ಹೆಸರು ಬಹುಮಂದಿಗೆ ತಿಳಿದದ್ದು ೧೯೮೬ರ ಬಿಜೋ ಇಮ್ಯಾನುಯೆಲ್ ಮೊಕದ್ದಮೆಯಿಂದ. ಕೇರಳದ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಯ ಕಾಲದಲ್ಲಿ ಗೌರವದಿಂದ ನಿಂತರೂ ಹಾಡಲೊಲ್ಲದೆ ಹೊರಹಾಕಲ್ಪಟ್ಟಿದ್ದರು. ಒಂದು ನಂಬಿಕೆಯು ನ್ಯಾಯಾಧೀಶರ ಬುದ್ಧಿಗೆ ಒಪ್ಪುವುದೇ ಎಂಬುದು ಪ್ರಶ್ನೆಯಲ್ಲ, ನಂಬುವವರು ಅದನ್ನು ಮನಃಪೂರ್ವಕವಾಗಿ ನಂಬುತ್ತಾರೆಯೇ ಎಂಬುದೇ ಪ್ರಶ್ನೆ ಎಂಬ ತತ್ತ್ವವನ್ನು ಆಗ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆ ತೀರ್ಪು ರಕ್ತದ ವಿಷಯವಾಗಿ ಬಂದುದಲ್ಲ. ಆದರೂ ಪ್ರಕೃತ ವಿಚಾರಕ್ಕೆ ಅದರ ತತ್ತ್ವವು ದಾರಿಯನ್ನು ತೋರಿಸುತ್ತದೆ.

ಪಂಥದವರು ತಮ್ಮ ನಿಷೇಧಕ್ಕೆ ಆಧಾರವಾಗಿ ತೋರಿಸುವ ಸ್ಥಳಗಳು ಮುಖ್ಯವಾಗಿ ಮೂರು: ಆದಿಕಾಂಡದ ೯ನೆಯ ಅಧ್ಯಾಯ, ಯಾಜಕಕಾಂಡದ ೧೭ನೆಯ ಅಧ್ಯಾಯ, ಅಪೊಸ್ತಲರ ಕೃತ್ಯಗಳ ೧೫ನೆಯ ಅಧ್ಯಾಯ. ಮೊದಲಿನ ಎರಡರಲ್ಲಿ ಮಾತು ಸ್ಪಷ್ಟವಾಗಿ ಭೋಜನದ ವಿಷಯವಾಗಿ ಬಂದಿದೆ; ಪ್ರಾಣವು ರಕ್ತದಲ್ಲಿರುವುದರಿಂದ ಅದನ್ನು ತಿನ್ನಬಾರದೆಂಬುದೇ ಅಲ್ಲಿಯ ವಿಧಿ. ಮೂರನೆಯದರಲ್ಲಿ ‘ತಿನ್ನು’ ಎಂಬ ಕ್ರಿಯಾಪದವಿಲ್ಲ. ‘ದೂರವಿರು, ವರ್ಜಿಸು’ ಎಂಬ ಅರ್ಥದ ಗ್ರೀಕ್ ಕ್ರಿಯಾಪದವಿದೆ. ಇತರ ಕ್ರೈಸ್ತರು ಪ್ರಕರಣವನ್ನು ಹಿಡಿದು ಅರ್ಥ ಹೇಳುತ್ತಾರೆ: ವಿಗ್ರಹಕ್ಕೆ ಅರ್ಪಿಸಿದ ಪದಾರ್ಥ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ ಇವುಗಳ ಸಾಲಿನಲ್ಲಿಯೇ ರಕ್ತವೂ ಬಂದಿರುವುದರಿಂದ ಇದೂ ಆಹಾರದ ನಿಷೇಧವೇ ಎಂದು. ಸಾಕ್ಷಿಗಳು ಪದವನ್ನು ಹಿಡಿದು ಅರ್ಥ ಹೇಳುತ್ತಾರೆ: ವರ್ಜಿಸತಕ್ಕದ್ದನ್ನು ಬಾಯಿಂದ ತೆಗೆದುಕೊಂಡರೇನು, ನಾಳದಿಂದ ತೆಗೆದುಕೊಂಡರೇನು ಎಂದು. ಪ್ರಕರಣ ಪ್ರಬಲವೇ ಶ್ರುತಿ ಪ್ರಬಲವೇ ಎಂಬ ಈ ವಾದವು ಮೀಮಾಂಸೆಯನ್ನು ಬಲ್ಲವರಿಗೆ ಹೊಸದಾಗಿ ಕಾಣಿಸದು.

ಈ ವಾಕ್ಯದ ಕನ್ನಡ ಚರಿತ್ರೆಯಲ್ಲಿ ಗುಬ್ಬಿಗೂ ಒಂದು ಸ್ಥಾನವಿದೆ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ಸಿದ್ಧವಾದ ಕನ್ನಡ ಬೈಬಲ್ಲು ೧೮೩೦ರ ದಶಕದಲ್ಲಿ ಪ್ರಚಾರಕ್ಕೆ ಬಂದಿತು. ಅದೇ ದಶಕದ ಕೊನೆಯ ವರ್ಷಗಳಲ್ಲಿ ವೆಸ್ಲಿಯನ್ ಮಿಷನ್ನಿನವರು ಗುಬ್ಬಿಯಲ್ಲಿ ನೆಲೆಯೂರಿದರು. ಅವರಲ್ಲೊಬ್ಬರಾದ ವಿಲಿಯಂ ಆರ್ಥರ್ ೧೮೪೭ರಲ್ಲಿ ಪ್ರಕಟಿಸಿದ ಮೈಸೂರು ಸೀಮೆಯ ವೃತ್ತಾಂತದಲ್ಲಿ ಗುಬ್ಬಿಯ ವಿಚಾರ ಬಂದಿದೆ. ಆ ಕಾಲದ ಓದುಗರಿಗೆ ಈ ವಾಕ್ಯದಲ್ಲಿ ಅಡಿಗೆಮನೆಯ ಹೊರತು ಬೇರೇನೂ ಕಾಣುವಂತಿರಲಿಲ್ಲ. ಲಂಡನ್ನಿನಲ್ಲಿ ಜೇಮ್ಸ್ ಬ್ಲಂಡೆಲ್ ಎಂಬ ವೈದ್ಯನು ೧೮೧೮ರಿಂದಲೇ ಮನುಷ್ಯರ ರಕ್ತವನ್ನು ಮನುಷ್ಯರಿಗೆ ಏರಿಸುವ ಪ್ರಯತ್ನಗಳನ್ನು ನಡೆಸಿದ್ದರೂ, ೧೯೦೧ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಪ್ರಕಟಪಡಿಸುವವರೆಗೆ ಅದು ಆಸ್ಪತ್ರೆಗಳ ನಿತ್ಯಕರ್ಮವಾಗಿರಲಿಲ್ಲ. ವಾಕ್ಯ ಅದೇ, ಲೋಕದಲ್ಲಿ ಹೊಸದೊಂದು ವಸ್ತು ಬಂದೊಡನೆ ವಾಕ್ಯದ ವ್ಯಾಪ್ತಿಯೂ ಪ್ರಶ್ನೆಗೆ ಒಳಗಾಯಿತು. ಪ್ರಕರಣಬಲದಿಂದ ನೋಡಿದರೆ ಇತರ ಕ್ರೈಸ್ತರ ಅರ್ಥವೇ ಹೆಚ್ಚು ಸಮಂಜಸವೆಂದು ತೋರಬಹುದು. ಆದರೆ ವ್ಯಾಖ್ಯಾನದಲ್ಲಿ ಸೋತವನು ಶಸ್ತ್ರಕ್ರಿಯೆಯ ಮೇಜಿನ ಮೇಲೆ ತನ್ನ ವ್ರತವನ್ನೂ ಬಿಡತಕ್ಕದ್ದೆಂಬುದು ವಿಮರ್ಶೆಯಿಂದ ಹೊರಡುವ ತೀರ್ಮಾನವಲ್ಲ. ವ್ರತಕ್ಕೆ ಬಲವನ್ನು ಕೊಡುವುದು ವ್ರತಸ್ಥನ ಶ್ರದ್ಧೆ, ವ್ಯಾಖ್ಯಾನಕಾರನ ಒಪ್ಪಿಗೆಯಲ್ಲ. ಏಕಾದಶಿಯ ಉಪವಾಸವನ್ನೂ ಜೈನರ ರಾತ್ರಿಭೋಜನತ್ಯಾಗವನ್ನೂ ಬಲ್ಲ ನಾಡಿನಲ್ಲಿ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

೩

ಇನ್ನು ವೈದ್ಯರ ಕಡೆಯ ಗ್ರಂಥಸಾಮಗ್ರಿಯನ್ನು ನೋಡಬೇಕು. ಪರರಕ್ತವಿಲ್ಲದೆ ದೊಡ್ಡ ಶಸ್ತ್ರಕ್ರಿಯೆಗಳು ಸಾಧ್ಯವೆಂದು ಮೊದಲು ದೊಡ್ಡ ಪ್ರಮಾಣದಲ್ಲಿ ತೋರಿಸಿದವರು ಅಮೆರಿಕದ ಹ್ಯೂಸ್ಟನ್ ನಗರದ ಡೆಂಟನ್ ಕೂಲಿ ಎಂಬ ಹೃದಯಶಸ್ತ್ರಜ್ಞರು. ೧೯೭೭ರಲ್ಲಿ ಅವರೂ ಅವರ ಸಹೋದ್ಯೋಗಿಯೂ ೫೪೨ ಶಸ್ತ್ರಕ್ರಿಯೆಗಳ ವರದಿಯನ್ನು ಪ್ರಕಟಿಸಿದರು. ಮೂವತ್ತು ದಿನಗಳೊಳಗಾದ ಮರಣ ನೂರಕ್ಕೆ ೯.೪. ಈ ವರದಿಯನ್ನು ವಿಜಯಪತ್ರವೆಂಬಂತೆ ಉದಾಹರಿಸುವವರು ಅದರಲ್ಲಿರುವ ಇನ್ನೆರಡು ಅಂಕಿಗಳನ್ನು ಬಿಡಲಾಗದು: ೧೨ ಮರಣಗಳಿಗೆ ರಕ್ತದ ಕೊರತೆಯೂ ಒಂದು ಕಾರಣವಾಗಿತ್ತು, ೩ ಮರಣಗಳಿಗೆ ರಕ್ತನಷ್ಟವೇ ನೇರವಾದ ಕಾರಣವಾಗಿತ್ತು. ವರದಿಯು ಇದನ್ನು ಮರೆಮಾಡಿಲ್ಲ. ಮರೆತವರು ಆಮೇಲೆ ಓದಿದವರು.

೨೦೧೨ರಲ್ಲಿ ಕ್ಲೀವ್‌ಲೆಂಡ್ ಕ್ಲಿನಿಕ್ಕಿನಿಂದ ಬಂದ ವರದಿಯು ಇದಕ್ಕಿಂತಲೂ ಹೆಚ್ಚು ಉದಾಹೃತವಾಗಿದೆ. ೧೯೮೩ರಿಂದ ೨೦೧೧ರವರೆಗೆ ಹೃದಯದ ಶಸ್ತ್ರಕ್ರಿಯೆಗೆ ಒಳಗಾದ ೩೨೨ ಮಂದಿ ಸಾಕ್ಷಿಗಳನ್ನು, ಅವರಿಗೆ ಸಮಾನರಾದ, ಆದರೆ ರಕ್ತವನ್ನು ಪಡೆದ, ಅಷ್ಟೇ ಮಂದಿ ಇತರರೊಡನೆ ಅಲ್ಲಿ ಹೋಲಿಸಿದ್ದಾರೆ. ಒಂದು ವರ್ಷದ ತರುವಾಯ ಬದುಕಿದ್ದವರು ಸಾಕ್ಷಿಗಳಲ್ಲಿ ನೂರಕ್ಕೆ ೯೫, ಇತರರಲ್ಲಿ ೮೯. ಇಪ್ಪತ್ತು ವರ್ಷಗಳ ತರುವಾಯ ೩೪ ಮತ್ತು ೩೨. ಇದರಿಂದ ರಕ್ತವನ್ನು ನಿರಾಕರಿಸಿದವರೇ ಹೆಚ್ಚು ಕ್ಷೇಮಿಗಳೆಂದು ಹೇಳಹೊರಡುವುದು ಅವಸರದ ಮಾತು. ಶಸ್ತ್ರಕ್ರಿಯೆಯ ಮುಂಚೆ ರಕ್ತವೃದ್ಧಿಯಾಗಿದ್ದವರು, ಅಪಾಯವನ್ನು ತಾಳಬಲ್ಲರೆಂದು ಶಸ್ತ್ರಜ್ಞರು ಆರಿಸಿಕೊಂಡವರು ಈ ೩೨೨ರಲ್ಲಿ ಸೇರುತ್ತಾರೆ. ಶಸ್ತ್ರಕ್ರಿಯೆ ಬೇಡವೆಂದು ಹಿಂದಕ್ಕೆ ಕಳುಹಿಸಲ್ಪಟ್ಟವರು ಯಾವ ಲೆಕ್ಕದಲ್ಲಿಯೂ ಸೇರುವುದಿಲ್ಲ. ಅಲ್ಲದೆ ಹೋಲಿಕೆಗೆ ತೆಗೆದುಕೊಂಡವರು ರಕ್ತವನ್ನು ಏರಿಸಬೇಕಾಗಿ ಬಂದವರು. ಎಂದರೆ ಶಸ್ತ್ರಕ್ರಿಯೆಯಲ್ಲಿ ಹೆಚ್ಚು ತೊಂದರೆಪಟ್ಟವರು ಆ ಗುಂಪಿನಲ್ಲಿ ಹೆಚ್ಚಾಗಿರುವ ಸಂಭವವಿದೆ. ಇಷ್ಟಾದರೂ ಈ ವರದಿಯಿಂದ ಒಂದು ಮಾತು ಸಿದ್ಧವಾಗುತ್ತದೆ: ಸಿದ್ಧತೆಯು ಚೆನ್ನಾಗಿದ್ದಲ್ಲಿ ನಿರಾಕರಣೆಯು ಮರಣಶಾಸನವಲ್ಲ.

ಸಿದ್ಧತೆಯಿಲ್ಲದಲ್ಲಿ ಏನಾಗುತ್ತದೆಂಬುದಕ್ಕೆ ಜೆಫ್ರಿ ಕಾರ್ಸನ್ ಮತ್ತು ಸಂಗಡಿಗರು ೨೦೦೨ರಲ್ಲಿ ಪ್ರಕಟಿಸಿದ ಶೋಧನೆಯೇ ಪ್ರಮಾಣ. ಮತದ ಕಾರಣದಿಂದ ರಕ್ತವನ್ನು ನಿರಾಕರಿಸಿ, ಶಸ್ತ್ರಕ್ರಿಯೆಯ ತರುವಾಯ ಹಿಮೋಗ್ಲೋಬಿನ್ನು ೧೦೦ ಮಿಲಿಲೀಟರು ರಕ್ತಕ್ಕೆ ೮ ಗ್ರಾಂ ಅಥವಾ ಅದಕ್ಕೂ ಕೆಳಗೆ ಇಳಿದ ೩೦೦ ರೋಗಿಗಳ ಗತಿಯನ್ನು ಅದು ಹೇಳುತ್ತದೆ. ೭.೧ರಿಂದ ೮ರವರೆಗೆ ಇದ್ದವರಲ್ಲಿ ಒಬ್ಬರೂ ಸಾಯಲಿಲ್ಲ, ೪.೧ರಿಂದ ೫ರವರೆಗೆ ಇಳಿದವರಲ್ಲಿ ನೂರಕ್ಕೆ ೩೪.೪ ಮಂದಿ ಸತ್ತರು. ಎಂಟರಿಂದ ಕೆಳಗೆ ಒಂದೊಂದು ಗ್ರಾಂ ಇಳಿದಂತೆಲ್ಲ ಮರಣದ ಸಂಭವವು ಎರಡೂವರೆ ಪಾಲಿನಂತೆ ಏರಿತು. ಹಿಂದಿನ ಎರಡು ವರದಿಗಳಲ್ಲಿ ಬಿಟ್ಟುಹೋದ ಮೆಟ್ಟಲುಗಳು ಇಲ್ಲಿ ಒಂದೊಂದಾಗಿ ಕಾಣುತ್ತವೆ. ಮನುಷ್ಯನ ದೇಹವು ಏಳು ಗ್ರಾಂಗಳವರೆಗೆ ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಐದರ ಬಳಿಯಲ್ಲಿ ಮೂವರಲ್ಲೊಬ್ಬನು ಉಳಿಯುವುದಿಲ್ಲ. ಸಾಕ್ಷಿಗಳ ನಿಷ್ಠೆಯಿಂದ ಲೋಕಕ್ಕೆ ದೊರೆತ ಈ ತಿಳಿವು ಅವರ ಪಂಥದವರಲ್ಲದ ರೋಗಿಗಳಿಗೂ ಉಪಕಾರಿಯಾಗಿದೆ. ಹತ್ತು ಗ್ರಾಂಗಳಿಗಿಂತ ಕಡಿಮೆಯಾದೊಡನೆ ರಕ್ತವನ್ನು ಏರಿಸುವ ಹಳೆಯ ವಾಡಿಕೆಯು ಇಂದು ಸಡಿಲವಾಗಿದೆ; ಏಳನ್ನು ಎಲ್ಲೆಯಾಗಿಟ್ಟುಕೊಂಡ ರೋಗಿಗಳಿಗೆ ಹತ್ತನ್ನು ಎಲ್ಲೆಯಾಗಿಟ್ಟುಕೊಂಡವರಿಗಿಂತ ಹೆಚ್ಚಿನ ಕೇಡೇನೂ ಆಗಲಿಲ್ಲವೆಂದು ಕೆನಡದಲ್ಲಿ ೮೩೮ ಮಂದಿ ತೀವ್ರರೋಗಿಗಳ ಮೇಲೆ ನಡೆದು ೧೯೯೯ರಲ್ಲಿ ಪ್ರಕಟವಾದ ಪರೀಕ್ಷೆಯು ತೋರಿಸಿತು.

೪

ಈ ಅಂಕಿಗಳೆಲ್ಲ ದೂರದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಹುಟ್ಟಿದವು. ತುಮಕೂರು ಸೀಮೆಗೆ ಇವುಗಳಿಂದ ಏನು ಪ್ರಯೋಜನ ಎಂದು ಕೇಳಬಹುದು. ಗುಬ್ಬಿಯಿಂದ ತುಮಕೂರಿಗೆ ಸುಮಾರು ೨೦ ಕಿಲೋಮೀಟರು; ಕುಣಿಗಲ್ಲಿನಿಂದ ಸುಮಾರು ೩೫; ತುಮಕೂರಿನಿಂದ ಬೆಂಗಳೂರಿಗೆ ಸುಮಾರು ೭೦. ತಾಲ್ಲೂಕಿನ ಊರಿನಲ್ಲಿ ಕಾಯಿಲೆ ಗೊತ್ತಾದ ರೋಗಿಯು ದೊಡ್ಡ ಶಸ್ತ್ರಕ್ರಿಯೆಗಾಗಿ ತುಮಕೂರಿಗೋ ಬೆಂಗಳೂರಿಗೋ ಹೋಗುವುದು ವಾಡಿಕೆ. ‘ರಕ್ತರಹಿತ’ ಎಂಬ ಮಾತು ಅವನನ್ನೂ ಅವನ ಊರಿನ ವೈದ್ಯನನ್ನೂ ಒಂದೇ ಬಗೆಯಾಗಿ ದಾರಿತಪ್ಪಿಸುತ್ತದೆ: ಮಹಾನಗರದ ಯಂತ್ರಗಳಲ್ಲಿಯೇ ಈ ವಿದ್ಯೆಯೆಲ್ಲ ಇರುವುದೆಂದು ಇಬ್ಬರೂ ಭಾವಿಸಿ ಸುಮ್ಮನಿರುತ್ತಾರೆ.

ಒಂದು ಸರಳವಾದ ಲೆಕ್ಕದಿಂದ ಇದರ ತಪ್ಪು ತಿಳಿಯುತ್ತದೆ. ೫೦ ಕಿಲೋಗ್ರಾಂ ತೂಕದ ಹೆಂಗಸಿನ ಮೈಯಲ್ಲಿ, ಕಿಲೋಗ್ರಾಮಿಗೆ ೭೦ ಮಿಲಿಲೀಟರಿನಂತೆ, ಸುಮಾರು ೩,೫೦೦ ಮಿಲಿಲೀಟರು ರಕ್ತವಿರುತ್ತದೆ. ಅವಳ ಹಿಮೋಗ್ಲೋಬಿನ್ನು ೧೨ ಇದ್ದು, ಕಳೆದ ರಕ್ತದ ಜಾಗವನ್ನು ಲವಣದ್ರವದಿಂದ ತುಂಬುತ್ತ ಹೋದರೆ, ಏಳಕ್ಕೆ ಇಳಿಯುವ ಮುನ್ನ ಅವಳು ಸುಮಾರು ೧,೪೫೦ ಮಿಲಿಲೀಟರು ರಕ್ತವನ್ನು ಕಳೆದುಕೊಂಡರೂ ತಾಳಬಲ್ಲಳು. ಅದೇ ಹೆಂಗಸು ೮ರಲ್ಲಿಯೇ ಮೇಜನ್ನು ಏರಿದರೆ ಅವಳ ಪಾಲಿಗಿರುವುದು ಸುಮಾರು ೪೪೦ ಮಿಲಿಲೀಟರು ಮಾತ್ರ. ಒಂದು ಲೀಟರು ರಕ್ತ ಹೋಗುವ ಶಸ್ತ್ರಕ್ರಿಯೆಯಲ್ಲಿ ಮೊದಲನೆಯವಳು ಮನೆಗೆ ನಡೆದು ಬರುತ್ತಾಳೆ. ಎರಡನೆಯವಳ ವಿಷಯದಲ್ಲಿ ಆ ಮಾತನ್ನು ಹೇಳುವಂತಿಲ್ಲ. ಶಸ್ತ್ರಜ್ಞನು ಅವನೇ, ಯಂತ್ರವು ಅದೇ. ಅಂತರವೆಲ್ಲ ಹಿಂದಿನ ಎರಡು ತಿಂಗಳುಗಳಲ್ಲಿ ಆದುದು.

ಎಂಟರಿಂದ ಹನ್ನೆರಡಕ್ಕೆ ಏರಿಸುವ ಕಾರ್ಯಕ್ಕೆ ಮಹಾನಗರ ಬೇಕಾಗಿಲ್ಲ. ಬಾಯಿಂದ ಕೊಡುವ ಕಬ್ಬಿಣಾಂಶದ ಮಾತ್ರೆಯು ಚೆನ್ನಾಗಿ ಹಿಡಿದರೆ ಮೂರು ನಾಲ್ಕು ವಾರಗಳಲ್ಲಿ ಸುಮಾರು ಎರಡು ಗ್ರಾಂ ಏರುತ್ತದೆ. ಹಿಡಿಯದವರಿಗೆ, ಅವಸರವಿದ್ದವರಿಗೆ, ನರದ ಮೂಲಕ ಕೊಡುವ ಕಬ್ಬಿಣಾಂಶವುಂಟು. ಆವಶ್ಯಕವಾದಲ್ಲಿ ರಕ್ತಕಣಗಳ ಉತ್ಪತ್ತಿಯನ್ನು ಪ್ರೇರಿಸುವ ಎರಿಥ್ರೊಪೊಯೆಟಿನ್ ಎಂಬ ಔಷಧವೂ ಉಂಟು. ಹೊಟ್ಟೆಯ ಹುಳು, ಅತಿಯಾದ ಮುಟ್ಟಿನ ಸ್ರಾವ, ಮೂಲವ್ಯಾಧಿ ಮೊದಲಾದ ಒಳಗಿನ ಸೋರಿಕೆಗಳನ್ನು ನಿಲ್ಲಿಸುವುದು, ರಕ್ತವು ಹೆಪ್ಪುಗಟ್ಟುವುದಕ್ಕೆ ಅಡ್ಡಿಯಾಗುವ ಔಷಧಗಳನ್ನು ವೈದ್ಯರ ಅಪ್ಪಣೆಯಿಂದ ಮೊದಲೇ ಬಿಡಿಸುವುದು, ಇವೂ ಸಿದ್ಧತೆಯ ಭಾಗಗಳೇ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ೪೭.೮ ಮಂದಿ ರಕ್ತಹೀನತೆಯುಳ್ಳವರು. ಹೀಗಿರುವಲ್ಲಿ ರಕ್ತವನ್ನು ಒಲ್ಲೆನೆನ್ನುವ ರೋಗಿಗೆ ಅತ್ಯಂತ ದೊಡ್ಡ ಉಪಕಾರವನ್ನು ಮಾಡಬಲ್ಲವನು ಗುಬ್ಬಿಯ ಅಥವಾ ಕುಣಿಗಲ್ಲಿನ ವೈದ್ಯನೇ; ಕಾಯಿಲೆ ಗೊತ್ತಾದ ದಿನವೇ ಹಿಮೋಗ್ಲೋಬಿನ್ನನ್ನು ಅಳೆಯಿಸುವುದರಿಂದ ಆ ಉಪಕಾರವು ಆರಂಭವಾಗುತ್ತದೆ.

ಶಸ್ತ್ರಕ್ರಿಯೆಯ ಕಾಲದ ಉಪಾಯಗಳಲ್ಲಿಯೂ ದುಬಾರಿಯಾದವು ಕೆಲವು ಮಾತ್ರ. ಸುರಿದ ರಕ್ತವನ್ನು ಹೀರಿ, ತೊಳೆದು, ಅದೇ ರೋಗಿಗೆ ಮರಳಿಸುವ ಯಂತ್ರವು ಎಲ್ಲೆಡೆ ದೊರೆಯದು. ಆದರೆ ರೋಗಿಯ ಮೈಯನ್ನು ಬೆಚ್ಚಗಿಡುವುದು, ಸೋರುವ ನಾಳಗಳನ್ನು ಒಂದೊಂದಾಗಿ ಸುಟ್ಟು ಅಥವಾ ಕಟ್ಟಿ ಮುಂದುವರಿಯುವುದು, ಕೈಕಾಲುಗಳ ಶಸ್ತ್ರಕ್ರಿಯೆಯಲ್ಲಿ ಪಟ್ಟಿ ಬಿಗಿಯುವುದು, ದೊಡ್ಡ ಕ್ರಿಯೆಯನ್ನು ಎರಡು ಕಂತುಗಳಲ್ಲಿ ಮಾಡುವುದು, ಪರೀಕ್ಷೆಗೆಂದು ದಿನವೂ ತೆಗೆಯುವ ರಕ್ತವನ್ನು ಮಕ್ಕಳ ಸಣ್ಣ ಕೊಳವೆಗಳಲ್ಲಿ ತೆಗೆಯುವುದು, ಇವುಗಳಿಗೆ ಹಣಕ್ಕಿಂತ ತಾಳ್ಮೆಯು ಹೆಚ್ಚು ಬೇಕು. ಜಪಾನಿನ ಉತಾಕೊ ಮತ್ತು ಶೋಸುಕೆ ಒಕಾಮೊಟೊ ದಂಪತಿಗಳು ೧೯೬೨ರಲ್ಲಿ ಪ್ರಕಟಪಡಿಸಿದ ಟ್ರಾನೆಕ್ಸಾಮಿಕ್ ಆಮ್ಲವು ಕಟ್ಟಿದ ಹೆಪ್ಪು ಕರಗದಂತೆ ತಡೆಯುತ್ತದೆ, ಬೆಲೆಯೂ ಅಗ್ಗ. ೨೦೨೨ರಲ್ಲಿ ಪ್ರಕಟವಾದ, ೯,೫೩೫ ರೋಗಿಗಳ ಪರೀಕ್ಷೆಯೊಂದರಲ್ಲಿ ಅದನ್ನು ಪಡೆದವರಲ್ಲಿ ನೂರಕ್ಕೆ ೯.೧ ಮಂದಿಗೂ, ಪಡೆಯದವರಲ್ಲಿ ೧೧.೭ ಮಂದಿಗೂ ಗಣನೀಯವಾದ ರಕ್ತಸ್ರಾವವಾಯಿತು. ಹೆರಿಗೆಯ ತರುವಾಯದ ರಕ್ತಸ್ರಾವದಲ್ಲಿ ೨೦,೦೬೦ ಹೆಂಗಸರ ಮೇಲೆ ನಡೆದು ೨೦೧೭ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ರಕ್ತಸ್ರಾವದಿಂದ ಸತ್ತವರು ಔಷಧವನ್ನು ಪಡೆದವರಲ್ಲಿ ನೂರಕ್ಕೆ ೧.೫, ಪಡೆಯದವರಲ್ಲಿ ೧.೯, ಎಲ್ಲ ಕಾರಣಗಳ ಮರಣವನ್ನು ಒಟ್ಟಿಗೆ ಹಿಡಿದರೆ ಅಂತರವು ಖಚಿತವಾಗಲಿಲ್ಲ. ಮೂರು ಗಂಟೆಗಳೊಳಗೆ ಕೊಟ್ಟರೆ ಮಾತ್ರ ಫಲವೆಂಬುದೂ ಅಲ್ಲಿಯೇ ತಿಳಿಯಿತು. ಕುಣಿಗಲ್ಲಿನಿಂದ ತುಮಕೂರಿನ ದಾರಿಯನ್ನು ಹಿಡಿಯುವ ಮುನ್ನವೇ ಕೊಡಬೇಕಾದ ಔಷಧವಿದು ಎಂದು ಇದರ ತಾತ್ಪರ್ಯ.

ಇಷ್ಟೆಲ್ಲ ಉಪಾಯಗಳು ಕೂಡಿದರೂ, ಅಪಘಾತದಲ್ಲಿ ದೊಡ್ಡ ನಾಳವು ಹರಿದವನಿಗೆ, ಹೆರಿಗೆಯಲ್ಲಿ ಒಂದೇ ಸಮನೆ ರಕ್ತ ಸುರಿಯುತ್ತಿರುವವಳಿಗೆ, ಪರರಕ್ತಕ್ಕೆ ಸಮನಾದ ವಸ್ತುವು ಇಂದಿಗೂ ಇಲ್ಲ. ‘ರಕ್ತರಹಿತ’ ಎಂಬ ಹೆಸರು ಮರೆಮಾಡುವ ಸತ್ಯಗಳಲ್ಲಿ ಇದೇ ಅತಿ ಕಠಿನವಾದುದು. ನಿರಾಕರಿಸುವ ರೋಗಿಗೆ ಇದನ್ನು ಮುಚ್ಚಿಟ್ಟರೆ ಅವನ ನಿರಾಕರಣೆಯು ತಿಳಿದು ಮಾಡಿದ ನಿರಾಕರಣೆಯಾಗಲಾರದು.

೫

ಸಾಮಾನ್ಯ ಜನರ ಮಾತಿನಲ್ಲಿಯೇ ಒಳ್ಳೆಯ ಸಾಮಗ್ರಿಯುಂಟು. ‘ಮೈಯಲ್ಲಿ ರಕ್ತ ಕಡಿಮೆ’ ಎಂಬುದು ‘ರಕ್ತಹೀನತೆ’ ಎಂಬುದಕ್ಕಿಂತ ನಿಜವಾದ ವರ್ಣನೆ. ‘ರಕ್ತ ಏರಿಸುವುದು’ ಎಂಬುದರಲ್ಲಿ ಯಾವ ಸಂದೇಹಕ್ಕೂ ಎಡೆಯಿಲ್ಲ. ಇದೇ ಜಾಡಿನಲ್ಲಿ ರೋಗಿಯ ಕಡೆಯಿಂದ ಹೇಳುವಾಗ ‘ಪರರಕ್ತವರ್ಜನ’ ಎಂದೂ, ವೈದ್ಯನ ಕಡೆಯಿಂದ ಹೇಳುವಾಗ ‘ಸ್ವರಕ್ತಸಂರಕ್ಷಣೆ’ ಎಂದೂ ಎರಡು ಪದಗಳನ್ನು ಇಟ್ಟುಕೊಂಡರೆ, ಒಂದರಲ್ಲಿ ವ್ರತವೂ ಇನ್ನೊಂದರಲ್ಲಿ ಕರ್ತವ್ಯವೂ ಬೇರೆಬೇರೆಯಾಗಿ ತೋರುತ್ತವೆ. ವ್ರತವು ರೋಗಿಯದು, ಅದನ್ನು ವೈದ್ಯನು ಒಪ್ಪಬೇಕಾದುದಿಲ್ಲ. ಸಂರಕ್ಷಣೆಯು ವೈದ್ಯನದು, ಪಂಥ ಯಾವುದಾದರೂ ಪ್ರತಿಯೊಬ್ಬ ರೋಗಿಗೂ ಅದು ಸಲ್ಲತಕ್ಕದ್ದು.

‘ರಕ್ತದಾನ’ ಎಂಬ ಪ್ರಿಯವಾದ ಪದದಿಂದಲೂ ಒಂದು ತೊಡಕು ಬಂದಿದೆ. ದಾನವನ್ನು ಒಲ್ಲೆನೆಂದರೆ ಕೊಡುವವರಿಗೆ ಅವಮಾನವೆಂದು ಬಂಧುಗಳು ನೊಂದುಕೊಳ್ಳುತ್ತಾರೆ. ತಮ್ಮನೇ ಅಣ್ಣನಿಗೆ ರಕ್ತವನ್ನು ಕೊಡಲು ಬಂದು ನಿಂತಿರುವಾಗ ನಿರಾಕರಣೆಯು ಕ್ರೌರ್ಯದಂತೆ ಕಾಣುತ್ತದೆ. ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ದಾನದ ಸ್ವರೂಪವನ್ನು ವಿಚಾರಿಸುತ್ತ, ಕೊಡುವವನ ತ್ಯಾಗದಿಂದ ಮಾತ್ರ ದಾನವು ಮುಗಿಯುವುದಿಲ್ಲ, ಪಡೆಯುವವನ ಸ್ವೀಕಾರದಿಂದಲೇ ಅದು ಪೂರ್ಣವಾಗುತ್ತದೆಂದು ನಿರ್ಣಯಿಸಿದ್ದಾನೆ. ಆ ನ್ಯಾಯದಿಂದ ನೋಡಿದರೆ ಸ್ವೀಕರಿಸದವನು ದಾನವನ್ನು ಕೆಡಿಸಿದವನಲ್ಲ. ದಾನವಿನ್ನೂ ಆಗಿಲ್ಲ, ಅಷ್ಟೆ. ಇಂದಿನ ಕಾನೂನೂ ಇದರಿಂದ ದೂರವಾಗಿಲ್ಲ. ರೋಗಿಯ ಸಮ್ಮತಿಯಿಲ್ಲದೆ ಚಿಕಿತ್ಸೆಯಿಲ್ಲವೆಂಬುದನ್ನು ೨೦೦೮ರ ಸಮೀರಾ ಕೊಹ್ಲಿ ತೀರ್ಪಿನಲ್ಲಿಯೂ, ಬುದ್ಧಿ ಸ್ವಸ್ಥವಾಗಿರುವ ವಯಸ್ಕನು ಚಿಕಿತ್ಸೆಯನ್ನು ನಿರಾಕರಿಸಬಹುದೆಂಬುದನ್ನು ೨೦೧೮ರ ಕಾಮನ್ ಕಾಸ್ ತೀರ್ಪಿನಲ್ಲಿಯೂ ಸುಪ್ರೀಂ ಕೋರ್ಟು ಹೇಳಿದೆ. ಈ ಅಧಿಕಾರವು ತನ್ನ ದೇಹದ ಮೇಲಣ ಅಧಿಕಾರ. ತಂದೆಯ ವ್ರತವನ್ನು ಇನ್ನೂ ತಿಳಿವಳಿಕೆ ಬಾರದ ಮಗುವಿನ ಮೇಲೆ ಹೊರಿಸುವುದಕ್ಕೆ ಅದರಿಂದ ಆಧಾರವನ್ನು ಎಳೆಯುವುದು ನ್ಯಾಯವಾಗದು.

ಒಬ್ಬನು ಒಲ್ಲೆನೆನ್ನುವುದನ್ನು ಇನ್ನೊಬ್ಬನು ಒಪ್ಪಬಹುದೆಂಬುದೂ ಗಮನಾರ್ಹ. ರಕ್ತದಿಂದ ಬೇರ್ಪಡಿಸಿದ ಆಲ್ಬುಮಿನ್ ಮೊದಲಾದ ಅಂಶಗಳನ್ನು ತೆಗೆದುಕೊಳ್ಳುವುದನ್ನೂ, ತನ್ನದೇ ರಕ್ತವನ್ನು ಯಂತ್ರದ ಮೂಲಕ ಮರಳಿ ಪಡೆಯುವುದನ್ನೂ ಪಂಥವು ಅವರವರ ಅಂತಃಕರಣಕ್ಕೆ ಬಿಟ್ಟಿದೆ. ಆದಕಾರಣ ‘ರಕ್ತ ಬೇಡವೆಂದಿದ್ದಾರೆ’ ಎಂಬ ಒಂದು ಸಾಲಿನಿಂದ ಆಸ್ಪತ್ರೆಯ ಕಾಗದವು ಪೂರ್ಣವಾಗುವುದಿಲ್ಲ. ಯಾವುದು ಬೇಕು, ಯಾವುದು ಬೇಡ, ಪ್ರಾಣ ಹೋಗುವ ಸಂದರ್ಭದಲ್ಲಿಯೂ ಬೇಡವೇ ಎಂಬುದನ್ನು, ನೆಂಟರೂ ಪಂಥದ ಹಿರಿಯರೂ ಬಳಿಯಿಲ್ಲದ ವೇಳೆಯಲ್ಲಿ, ರೋಗಿಯನ್ನೇ ಕೇಳಿ, ಅವನ ಮಾತಿನ ಕನ್ನಡದಲ್ಲಿಯೇ ಬರೆದುಕೊಳ್ಳತಕ್ಕದ್ದು. ಅವನು ಓದಿ ರುಜು ಹಾಕುವ ಆ ಕಾಗದದ ಮೇಲೆ ‘ರಕ್ತರಹಿತ’ ಎಂಬ ಪದವು ಇರದಿರುವುದೇ ಲೇಸು. ಅವನ ಈ ದಿನದ ಹಿಮೋಗ್ಲೋಬಿನ್ನು ಎಷ್ಟು, ಶಸ್ತ್ರಕ್ರಿಯೆಯ ದಿನಕ್ಕೆ ಅದು ಎಷ್ಟಕ್ಕೆ ಏರಬೇಕು ಎಂಬ ಎರಡು ಅಂಕಿಗಳು ಅಲ್ಲಿರಲಿ.